ಬುಷ್‌ಗೆ ಹಳೆ ಆಯಿಲ್ ಬಿಡಬೇಡಿ: ಒಂದು ಸ್ಪಷ್ಟನೆ

ಶಿವಮೊಗ್ಗದ ಹಳೆ ಕಾರಿನವರ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಅಂಬಾಸಿಡರ್, ಪದ್ಮಿನಿಗೆ ಹೊಸ ಬುಷ್ ಹಾಕಿಸಿದ ಮೇಲೆ ಕಿರ್ ಕಿರ್ ಅಂದರೆ ಹಳೆ ಇಂಜಿನ್ ಆಯಿಲ್ ಬಿಡಿ, ಸದ್ದು ನಿಲ್ಲುತ್ತದೆ."

ಇದು ತಪ್ಪು. (ಬುಷ್ ಅಂದರೆ ಚಕ್ರದ ಸಸ್ಪೆನ್ಷನ್ ಕೀಲುಗಳಲ್ಲಿ ಕೂರಿಸುವ ರಬ್ಬರ್ ಬಳೆ.) ಸದ್ದು ನಾಲ್ಕು ದಿನ ನಿಲ್ಲಬಹುದು, ನಿಜ. ಆದರೆ ಆಯಿಲ್ ತಾಗಿದರೆ ಸಾಮಾನ್ಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹೊಸ ಬುಷ್ ದುಡ್ಡು ನೀರುಪಾಲು.

ಹೊಸ ಬುಷ್ ಕಿರುಗುಟ್ಟಲು ಬೇರೆಯದೇ ಕಾರಣ ಇರಬಹುದು. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ. ಆಮೇಲೆ ಪ್ರತಿ ಗುಂಡಿಗೂ ಒದ್ದಾಟ. ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗ ಮತ್ತೆ ಬಿಗಿಸಿ.

ಯಾವ ಬುಷ್ ಅಂತ ಗೊತ್ತಾಗುತ್ತಿಲ್ವಾ? ಒಬ್ಬರು ಬಾನೆಟ್ ಒತ್ತಿ ಕುಲುಕಲಿ, ಇನ್ನೊಬ್ಬರು ಒಂದೊಂದೇ ಬುಷ್‌ಗೆ ನೀರು ಚಿಮುಕಿಸಲಿ. ಸದ್ದು ಎಲ್ಲಿ ನಿಂತಿತೋ ಅದೇ ಕಳ್ಳ. (ಮಳೆಗಾಲದಲ್ಲಿ ಆಗುಂಬೆ ಕಡೆ ಹೋದರೆ ಗಾಡಿ ಸುಮ್ಮನಾಗುವುದೂ ಇದಕ್ಕೇ. ರಿಪೇರಿ ಆಯ್ತು ಅಂದುಕೊಳ್ಳಬೇಡಿ!) ಕಿರ್ ಅನ್ನದೆ ಟಕ್ ಟಕ್ ಅಂದರೆ ಹಿಂದಿನ ಪಾಟಾವನ್ನು (ಲೀಫ್ ಸ್ಪ್ರಿಂಗ್) ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ನೋಡಿ, ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿಸಲೇಬೇಕು.

ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ) ಇರುವ ಕಡೆ ಗ್ರೀಸ್ ಹೊಡೆಸಿ, ಅದು ಬೇಕೇ ಬೇಕು. ರಬ್ಬರ್‌ಗೆ ಮಾತ್ರ ಬೇಡ.

ಆ ಮೆಸೇಜ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.