ಗೋಡೆ ಕಟ್ಟಿದ್ರು, ನೀರು ಒಳಗೇ ಉಳೀತು

ನಿನ್ನೆ ರಾತ್ರಿ ಮತ್ತೆ ಅದೇ ಗೋಳು. ಮುಕ್ಕಾಲು ಗಂಟೆ ಮಳೆ, ಅಷ್ಟೇ. ಬಚ್ಚಲ ಜಾಲರಿಯಿಂದ ಮೊದಲು ಗುಳುಗುಳು ಸದ್ದು, ಹಿಂದೆಯೇ ಕಪ್ಪು ನೀರು. ಹನ್ನೊಂದೂವರೆಗೆ ನಾನೂ ಮಗನೂ ಸೇರಿ ಫ್ರಿಜ್ಜನ್ನ ನಾಲ್ಕು ಸಿಮೆಂಟ್ ಇಟ್ಟಿಗೆ ಮೇಲೆ ಹತ್ತಿಸ್ತಿದ್ವಿ. ಮೇ ತಿಂಗಳು ಬಂದ್ರೆ ಆ ಇಟ್ಟಿಗೆಗಳು ಅಟ್ಟದಿಂದ ಇಳಿದು ಅಡುಗೆಮನೆ ಮೂಲೇಲಿ ಕೂರ್ತವೆ, ದಸರಾ ಕಳೆದ ಮೇಲೂ ಹತ್ತಲ್ಲ.

ಮನೆ ಇರೋದು ಬೆಂಗಳೂರಿನ ಮೈಸೂರು ರಸ್ತೆ ಪಕ್ಕ, ವೃಷಭಾವತಿ ಹೊಳೆಗೆ ಕೂಗಳತೆ ದೂರದಲ್ಲಿ. ಹೊಳೆ ಗೋಡೆ ಹಾರಿ ಬಂತು ಅಂದ್ಕೋಬೇಡಿ. ಅದು ತನ್ನ ಪಾಡಿಗೆ ಎರಡು ಕಾಂಕ್ರೀಟ್ ಗೋಡೆ ನಡುವೆ ಹೋಗ್ತಿತ್ತು. ನಮ್ಮ ಬೀದಿ ನೀರು ಹೊಳೆಗಿಳಿಯೋಕೆ ಗೋಡೇಲಿ ಒಂದು ಪೈಪ್ ಬಿಟ್ಟಿದಾರೆ. ಹೊಳೆ ಆ ಪೈಪಿಗಿಂತ ಮೇಲೇರಿದ ತಕ್ಷಣ ಅದೇ ಪೈಪಲ್ಲಿ ನೀರು ವಾಪಸ್. ಪೈಪಿನ ಬಾಯಿಗೆ ಹೊರಗಡೆಗೆ ಮಾತ್ರ ತೆರೆಯೋ ಒಂದು ಮುಚ್ಚಳ ಹಾಕಿಸಿ ಅಂತ ಮೂರು ವರ್ಷದಿಂದ ಪಾಲಿಕೆಗೆ ಅರ್ಜಿ ಕೊಡ್ತಿದೀನಿ. ಸಿಕ್ಕ ಉತ್ತರ: "ಗೋಡೇನ ಇನ್ನೂ ಎರಡಡಿ ಎತ್ತರಿಸ್ತೀವಮ್ಮ."

ಎತ್ತರಿಸಿ ಸ್ವಾಮಿ. ತಳಕ್ಕೂ ಕಾಂಕ್ರೀಟ್, ಪಕ್ಕಕ್ಕೂ ಕಾಂಕ್ರೀಟ್. ನೀರು ಇಂಗಲ್ಲ, ನಿಲ್ಲಲ್ಲ, ಒಂದೇ ಸಮ ನುಗ್ಗಿ ಮುಂದಿನವರ ಮನೆ ಬಾಗಿಲು ತಟ್ಟುತ್ತೆ. ಇದೇ ರಸ್ತೇಲಿರೋ ಗಾಳಿ ಆಂಜನೇಯನ ಗುಡಿಯನ್ನೂ ಬಿಟ್ಟಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದವಳು ಅಂತ ಪ್ರತೀತಿ ಇರೋ ಹೊಳೆ ಇದು! ಕಡತದಲ್ಲಿ ರಾಜಕಾಲುವೆ, ಬಾಯಲ್ಲಿ ಮೋರಿ. ಮೋರಿ ಅಂದ್ಮೇಲೆ ಕೊಳಚೆ ಬಿಡೋಕೆ ಯಾರಿಗೆ ಸಂಕೋಚ? ಬಿಡದಿ ಹತ್ರ ಬೈರಮಂಗಲ ಕೆರೇಲಿ ನೊರೆ ಏಳೋದು ಇದೇ ನೀರಿಗೆ. ಮುಂದೆ ಅರ್ಕಾವತಿ, ಆಮೇಲೆ ಕಾವೇರಿ.

ಹೂಳಿನ ಕತೆ ಕೇಳಿ. ಬೇಸಿಗೇಲಿ ಜೆಸಿಬಿ ಬಂತು, ಎರಡು ದಿನ ಎತ್ತಿತು, ದಡದ ಮೇಲೇ ಗುಡ್ಡೆ ಹಾಕಿ ಹೋಯ್ತು. ಪ್ಲಾಸ್ಟಿಕ್ಕು, ಹಳೇ ಹಾಸಿಗೆ, ಒಂದು ಹೆಲ್ಮೆಟ್ಟು ಕೂಡ. ಮೊದಲ ಜೋರು ಮಳೆಗೆ ಗುಡ್ಡೆ ಪೂರ್ತಿ ತವರಿಗೆ ವಾಪಸ್. ಲಾರೀಲಿ ಸಾಗಿಸೋಕೆ ಬಿಲ್ಲಲ್ಲಿ ದುಡ್ಡಿರಲಿಲ್ವಂತೆ. ಗೋಡೆ ಮೇಲೆ ಕೊಕ್ಕರೆ ಚಿತ್ರ ಬರೆಸೋಕೆ ಮಾತ್ರ ಇತ್ತು. ನಿಜವಾದ ಕೊಕ್ಕರೆ ಬಂದು ಕೂರೋಕೆ ಒಂದು ಹಿಡಿ ಮಣ್ಣಿನ ದಡ ಉಳಿಸಿಲ್ಲ.

ನಗರದ 'ಮಾಸ್ಟರ್ ಪ್ಲಾನ್ 2015' ಪ್ರಕಾರ ದೊಡ್ಡ ರಾಜಕಾಲುವೆಗೆ 50 ಮೀಟರ್ ಜಾಗ ಬಿಡಬೇಕು. ಟೇಪ್ ಹಿಡಿದ್ರೆ ನನ್ನ ಮನೇನೂ ಅದರೊಳಗೇ ಬರುತ್ತೆ, ಸುಳ್ಳು ಹೇಳಲ್ಲ. ನಮ್ಮ ಮಾವ ಕಟ್ಟಿಸಿದ್ದು ಆ ಪ್ಲಾನಿಗೂ ಎಷ್ಟೋ ಮುಂಚೆ. ಆದ್ರೆ ಪ್ಲಾನ್ ಬಂದ ಮೇಲೂ ಗೋಡೆಗೆ ಅಂಟಿಕೊಂಡೇ ಎದ್ದ ಗೋಡೌನು, ಸರ್ವೀಸ್ ಸ್ಟೇಷನ್ನು, ಅವಕ್ಕೆಲ್ಲ ಸಹಿ ಹಾಕಿದ್ದು ಯಾರು? ಹೊಳೆ ಮೈಚಾಚೋ ಜಾಗಾನೆಲ್ಲ ಮಾರ್ಕೊಂಡು, ಈಗ ಹೊಳೆಗೇ ಶಿಸ್ತು ಕಲಿಸ್ತಾರೆ.

ಬೆಳಿಗ್ಗೆ ಫೋನ್ ಮಾಡಿದೆ. ಫೋಟೋ ವಾಟ್ಸಾಪ್ ಮಾಡಿ ಅಂದ್ರು. ಮೊಣಕಾಲುದ್ದ ನೀರಲ್ಲಿ ನಿಂತು ತೆಗೆದದ್ದು ಆರು ಕಳಿಸಿದೀನಿ. ಹತ್ತೂಕಾಲಿಗೆ ನೀಲಿ ಟಿಕ್ ಬಂದಿದೆ.