ಅರ್ಧ ಕಟ್ಟಿದರೆ ಸಿಬಿಲ್ ಸರಿಹೋಗುವುದಿಲ್ಲ

ವಸೂಲಿ ಏಜೆಂಟರೊಡನೆ ಚೌಕಾಸಿ ಮಾಡಿ ಅರ್ಧ ಹಣ ಕಟ್ಟಿದರೆ ಸಿಬಿಲ್ ವರದಿ (ನಮ್ಮ ಸಾಲ ಮರುಪಾವತಿಯ ದಾಖಲೆ) ಸರಿಹೋಗುತ್ತದೆ ಎಂದು ಸಾಲ ವಸೂಲಿ ಕುರಿತ ಲೇಖನದಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಒಪ್ಪಲಾರೆ. ಬನಹಟ್ಟಿಯಲ್ಲಿ ಮಗ್ಗದ ದುರಸ್ತಿಗೆಂದು ಪಡೆದಿದ್ದ ಸಾಲದ 90,000 ರೂಪಾಯಿ ಬಾಕಿಯನ್ನು ನಾನೂ ಹೀಗೆಯೇ 48,000ಕ್ಕೆ ಮುಗಿಸಿಕೊಂಡಿದ್ದೆ; ಏಜೆಂಟರು ‘ಇನ್ನು ನಿಶ್ಚಿಂತೆಯಿಂದಿರಿ’ ಎಂದು ಬಾಯಿಮಾತಿನಲ್ಲಿ ಹೇಳಿ ಹೋದರು, ಆದರೆ ಎರಡು ವರ್ಷಗಳ ನಂತರ ಹೊಸ ಸಾಲಕ್ಕೆ ಅರ್ಜಿ ಹಾಕಿದಾಗ ವರದಿಯಲ್ಲಿ ‘ಕ್ಲೋಸ್ಡ್’ (ಸಾಲ ಪೂರ್ತಿ ತೀರಿದೆ) ಬದಲು ‘ಸೆಟಲ್ಡ್’ (ಕಡಿಮೆ ಮೊತ್ತಕ್ಕೆ ರಾಜಿಯಾಗಿದೆ) ಎಂದಿದ್ದುದನ್ನು ವ್ಯವಸ್ಥಾಪಕರು ಬೆರಳಿಟ್ಟು ತೋರಿಸಿದರು. ಉಳಿದ ಮೊತ್ತವನ್ನೂ ಕಟ್ಟಿ ಬೇಬಾಕಿ ಪತ್ರ (ಏನೂ ಬಾಕಿಯಿಲ್ಲವೆಂಬ ಪತ್ರ) ಪಡೆದ ಮೇಲಷ್ಟೇ ಆ ನಮೂದು ಬದಲಾಯಿತು. ವರದಿ ತಿದ್ದುವ ಅಧಿಕಾರ ಏಜೆಂಟರಿಗಿಲ್ಲ, ತಿದ್ದುಪಡಿ ಸಾಲ ಕೊಟ್ಟ ಸಂಸ್ಥೆಯಿಂದಲೇ ಹೋಗಬೇಕು. ತಪ್ಪು ನಮೂದಿನ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನಾದರೂ ಲೇಖನ ತಿಳಿಸಬೇಕಿತ್ತು.