ನಗುವನ್ನು ಮ್ಯೂಟ್ ಮಾಡಬೇಡಿ

ವಿಡಿಯೊ ಮೀಟಿಂಗಿನಲ್ಲಿ ಯಾರಾದರೂ ತಮಾಷೆಯ ಮಾತಾಡಿದರೆ ಹಿಂದೆಯೇ ಬರುವುದು ಮೌನ. ಚೌಕಗಳಲ್ಲಿ ಬಾಯಿಗಳು ಅರಳುತ್ತವೆ, ಸದ್ದಿಲ್ಲ. ತಮಾಷೆ ಸಪ್ಪೆಯಾಗಿತ್ತು ಅಂತಲ್ಲ, ಎಲ್ಲರೂ ಮ್ಯೂಟ್‌ನಲ್ಲಿದ್ದಾರೆ ಅಷ್ಟೆ. ಮ್ಯೂಟ್ ತೆಗೆದವರ ನಗುವನ್ನೂ ಹಿನ್ನೆಲೆಯ ಗದ್ದಲ ಅಳಿಸುವ ಆ್ಯಪ್‌ನ ಸೌಲಭ್ಯ, ಅಂದರೆ ನಾಯ್ಸ್ ಸಪ್ರೆಷನ್, ಎಷ್ಟೋ ಸಲ ಫ್ಯಾನಿನ ಸದ್ದಿನ ಜೊತೆಗೇ ಒರೆಸಿಹಾಕುತ್ತದೆ. ವರ್ಕ್ ಫ್ರಮ್ ಹೋಮ್ ಸುಸ್ತು ಅಂದಕೂಡಲೇ ಕಣ್ಣುರಿ, ಬೆನ್ನುನೋವು ಎಣಿಸುತ್ತೇವೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ನಷ್ಟ ಒಟ್ಟಿಗೆ ನಗುವುದು ನಿಂತದ್ದು.

ಇಲ್ಲಿ ಸಮಯದ ಲೆಕ್ಕವೂ ಇದೆ. ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಸುಮಾರು 200 ಮಿಲಿಸೆಕೆಂಡ್ ಅಂತರ. ಕರೆಗಳಲ್ಲಿ ಧ್ವನಿಯ ವಿಳಂಬ ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗೆ ಇರಲಿ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಆ ಮಿತಿಯಲ್ಲೇ ಇದ್ದರೂ ಮಾತು ಹೋಗಿ ನಗು ಬರುವಷ್ಟರಲ್ಲಿ 300 ಆಯಿತು. ವೈಫೈ ತಡವರಿಸಿದರೆ ಇನ್ನೂ ಹೆಚ್ಚು. ನಗು ತಲುಪುವಾಗ ಹೇಳಿದವರು ಮುಜುಗರಪಟ್ಟು ಮುಂದಿನ ಸ್ಲೈಡಿಗೆ ಹೋಗಿರುತ್ತಾರೆ. ಹಾಗಾಗಿ ತಮಾಷೆ ಮಾಡಿದವರು ಎರಡು ಸೆಕೆಂಡು ಸುಮ್ಮನಿರಬೇಕು. ಕಷ್ಟ, ಆದರೆ ಕೆಲಸ ಮಾಡುತ್ತದೆ.

ನಾಲ್ಕೈದು ಜನರ ಮೀಟಿಂಗಾದರೆ ಎಲ್ಲರೂ ಮ್ಯೂಟ್ ತೆಗೆದೇ ಕೂರಬಹುದು. ಹೆಡ್‌ಫೋನ್ ಮಾತ್ರ ಬೇಕೇಬೇಕು. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕರೆ ಎಕೋ ಬರುತ್ತದೆ, ಅದನ್ನು ಅಳಿಸಲು ಹೋಗಿ ಆ್ಯಪ್ ಒಬ್ಬರ ದನಿಯನ್ನೇ ಕತ್ತರಿಸುತ್ತದೆ. ನಾಯ್ಸ್ ಸಪ್ರೆಷನ್ನನ್ನು ಕೆಳಗಿನ ಹಂತಕ್ಕೆ ಇಳಿಸಿ. ದೊಡ್ಡ ಮೀಟಿಂಗಿನಲ್ಲಿ ಝೂಮ್ ಬಳಸುವವರು ಸ್ಪೇಸ್‌ಬಾರ್ ಒತ್ತಿಹಿಡಿದಷ್ಟು ಹೊತ್ತು ಮ್ಯೂಟ್ ತೆಗೆಯುವ ಸೌಲಭ್ಯ ಆನ್ ಮಾಡಿಕೊಳ್ಳಲಿ. ನಗಲು ಅಷ್ಟು ಸಾಕು.

ಇನ್ನೊಂದು, ನಿಮ್ಮ ಮುಖ ನಿಮಗೇ ಕಾಣದಂತೆ ಸೆಲ್ಫ್ ವ್ಯೂ ಮರೆಮಾಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂವಹನ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಮೀಟಿಂಗಿನ ಸುಸ್ತಿಗೆ ಕೊಟ್ಟ ನಾಲ್ಕು ಕಾರಣಗಳಲ್ಲಿ ದಿನವಿಡೀ ತನ್ನ ಮುಖ ತಾನೇ ನೋಡುತ್ತಿರುವುದೂ ಒಂದು. ಕನ್ನಡಿ ಹಿಡಿದುಕೊಂಡು ಮನಸಾರೆ ನಗಲು ಯಾರಿಂದ ಆದೀತು?

ಕೂಡಿಸಿ ನಗಿಸುವ ಕಾರ್ಯಕ್ರಮಗಳನ್ನು ನಾನು ಒಪ್ಪುವುದಿಲ್ಲ. ಮೂವತ್ತು ಜನ ತಲಾ 40 ಸೆಕೆಂಡು 'ಮಜಾ ಸಂಗತಿ' ಹೇಳಿದರೆ ಇಪ್ಪತ್ತು ನಿಮಿಷ ಹೋಯಿತು, ಸುಸ್ತು ಇನ್ನಷ್ಟು ಏರಿತು. ನಿಜವಾದ ಹಾಸ್ಯ ಎಡವಟ್ಟಿನಲ್ಲಿದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಆನ್‌ಲೈನ್ ವಿಚಾರಣೆಯೊಂದರಲ್ಲಿ ವಕೀಲರೊಬ್ಬರು ಫಿಲ್ಟರ್ ತೆಗೆಯಲಾಗದೆ ಬೆಕ್ಕಿನಮರಿಯಾಗಿ ಕಾಣಿಸಿಕೊಂಡು, 'ನಾನು ಬೆಕ್ಕಲ್ಲ' ಎಂದು ಗಂಭೀರವಾಗಿ ಹೇಳಿದ್ದು ನೆನಪಿರಬಹುದು. ಆ ವಿಚಾರಣೆಯಲ್ಲಿ ಯಾರೂ ಅವರನ್ನು ಹೀಗಳೆಯಲಿಲ್ಲ, ಅವರೂ ಕೋಪಿಸಿಕೊಳ್ಳದೆ ಕೆಲಸ ಮುಂದುವರಿಸಲು ಸಿದ್ಧರಿದ್ದರು. ಜಗತ್ತು ಅದಕ್ಕೇ ಮನಬಿಚ್ಚಿ ನಕ್ಕಿತು.

ನಗು ಯಂತ್ರದ ಮೇಲಿರಲಿ. ಹಿಂದೆ ಕಾಣುವ ಮನೆಯ ಮೇಲೆ, ಅಳುವ ಮಗುವಿನ ಮೇಲೆ, ಯಾರದೋ ಉಚ್ಚಾರಣೆಯ ಮೇಲೆ ಬೇಡ. ಸ್ಕ್ರೀನ್‌ಶಾಟ್ ತೆಗೆದು ಹಂಚುವುದಂತೂ ಬೇಡವೇ ಬೇಡ. ಒಮ್ಮೆ ಹಾಗಾದರೆ ಮರುದಿನ ಅರ್ಧ ಕ್ಯಾಮೆರಾಗಳು ಆಫ್ ಆಗಿರುತ್ತವೆ.